ಜಗಲಿಗೊಂದು ಕೋಡು

ನಮ್ಮೂರಿನಲ್ಲಿ ಗೋಡೆಗೆ ‘ನೀನು ಗೋಡೆ’ ಎಂದು ಯಾರಾದರೂ ಹೇಳಬೇಕು. ಹೇಳದೇ ಹೋದರೆ ಅದು ಒಂದಷ್ಟು ದಿನ ಪಿಳಿಪಿಳಿ ನೋಡುತ್ತಾ ನಿಂತಿರುತ್ತದೆ, ಆಮೇಲೆ ಬೇಜಾರಾಗಿ ಎಲ್ಲಿಗೋ ಹೊರಟುಹೋಗುತ್ತದೆ. ಬಾಗಿಲಿಗೂ ಅಷ್ಟೇ, ತೊಲೆಗೂ ಅಷ್ಟೇ, ಬಚ್ಚಲ ಕಲ್ಲಿಗೂ ಅಷ್ಟೇ. ಅದಕ್ಕೇ ಯಾರು ಮನೆ ಕಟ್ಟಿಸಿದರೂ ಸುಣ್ಣ ಒಣಗುವ ಮೊದಲು ಅಂದಾಜು ಕಛೇರಿಯವರು ಬಂದು, ಒಂದೊಂದರ ಎದುರಿಗೂ ನಿಂತು, ಅದು ಯಾವ ವರ್ಗದ್ದು ಎಂದು ಗಟ್ಟಿಯಾಗಿ ಓದಿ ಹೇಳುತ್ತಾರೆ. ಓದಿದ ಹಾಗೆ ಅದು ನಡೆದುಕೊಳ್ಳುತ್ತದೆ. ತಪ್ಪಾಗಿ ಓದಿದರೆ ತಪ್ಪಾಗಿಯೇ ನಡೆದುಕೊಳ್ಳುತ್ತದೆ, ಪಾಪ, ಅದಕ್ಕೇನು ಗೊತ್ತು. ಪೇಟೆಬೀದಿಯ ಅಡ್ಡಪ್ಪನವರ ಊಟದ ಕೋಣೆಯ ನೆಲವನ್ನು ಹಿಂದೆ ಯಾರೋ ಕಣ್ತಪ್ಪಿ ಚಾವಣಿಯ ಸಾಲಿನಲ್ಲಿ ಓದಿಬಿಟ್ಟಿದ್ದರಂತೆ. ಇವತ್ತಿಗೂ ಆ ಮನೆಯವರು ಊಟಕ್ಕೆ ಏಣಿ ಹತ್ತುತ್ತಾರೆ. ಹತ್ತಿ ಹತ್ತಿ ಹಸಿವು ಚೆನ್ನಾಗಿ ಆಗುತ್ತದೆ ಎಂದು ಅವರಿಗೆ ಅದರ ಬಗ್ಗೆ ದೂರೇನೂ ಇಲ್ಲ, ಆಮೇಲೆ ಊರನ್ನೆಲ್ಲ ಹೊಸದಾಗಿ ಓದಿದಾಗಲೂ ಅದು ಹಾಗೆಯೇ ಇರಲಿ ಅಂದರು.

ನಾನು ಆ ಅಂದಾಜು ಕಛೇರಿಯಲ್ಲಿ ಕಿರಿಯ ಅಂದಾಜುಗಾರ. ಹೆಸರು ಪುಂಡಲೀಕ. ಮೊದಲರ್ಧದಲ್ಲಿ ಪುಂಡ ಇದ್ದಾನೆ, ಉಳಿದರ್ಧದಲ್ಲಿ ಲೀಕು ಇದೆ; ಆದ್ದರಿಂದ ನನ್ನ ಹತ್ತಿರ ಗುಟ್ಟೂ ಹೇಳಬೇಡಿ, ನೀರಿನ ತೊಟ್ಟಿಯನ್ನೂ ಕಟ್ಟಿಸಬೇಡಿ ಎಂದು ನಾನೇ ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಕಲಿಸಿದ್ದರಲ್ಲಿ ನನ್ನ ತಲೆಗೆ ಹತ್ತಿದ್ದು ಎರಡೇ: ಮಾತನ್ನು ಮುರಿದು ಬೇರೆ ಥರ ಜೋಡಿಸುವುದು, ಮೇಷ್ಟ್ರುಗಳ ಹಾಗೆ ಮಾತಾಡಿ ತೋರಿಸುವುದು. ಕೆಲಸಕ್ಕೆ ಸೇರಿದ ಮೇಲೆ ಮೇಷ್ಟ್ರುಗಳ ಜಾಗಕ್ಕೆ ನಮ್ಮ ಮುಖ್ಯ ಅಂದಾಜುಗಾರರಾದ ಹಾಲಪ್ಪನವರು ಬಂದರು. ಅವರ ಧ್ವನಿ ತಾಮ್ರದ ಹಂಡೆಯೊಳಗೆ ಕೂತು ಮಾತಾಡಿದ ಹಾಗೆ ಇರುತ್ತದೆ. ಹಿಂದೆ ಮಾತೇ ಆಡಿರದಿದ್ದರೂ ಅವರ ಎಲ್ಲ ಮಾತೂ ‘ಅಂದ್ರೆ’ಯಿಂದಲೇ ಶುರು. ಬೆಳಿಗ್ಗೆ ಕಛೇರಿಗೆ ಕಾಲಿಡುತ್ತಲೇ ‘ಅಂದ್ರೆ, ಬಂದೆ’ ಅನ್ನುತ್ತಾರೆ. ಊರಿನ ಅರ್ಧಕ್ಕರ್ಧ ಮನೆಗಳು ಆ ಧ್ವನಿಯನ್ನು ನಂಬಿಕೊಂಡೇ ನಿಂತಿವೆ. ಒಂದು ಸಲ ಅವರಿಲ್ಲದಾಗ ನಾನು ಅವರ ಕುರ್ಚಿಯಲ್ಲಿ ಕೂತು, ಅದೇ ಹಂಡೆಯ ಧ್ವನಿಯಲ್ಲಿ, ಎದುರಿನ ಕಿಟಕಿಗೆ ‘ಅಂದ್ರೆ, ನೀನು ಬಾಗಿಲು’ ಅಂದೆ. ಕಛೇರಿಯೆಲ್ಲ ನಕ್ಕಿತು. ಕಿಟಕಿ ಮಾತ್ರ ಎರಡು ಗೇಣು ಕೆಳಗಿಳಿದು, ಏನೋ ಅನುಮಾನ ಬಂದು, ಅಲ್ಲೇ ನಿಂತಿತು. ಈಗಲೂ ಅದು ಅತ್ತ ಕಿಟಕಿಯೂ ಅಲ್ಲ, ಇತ್ತ ಬಾಗಿಲೂ ಅಲ್ಲ. ಚಹಾ ತರುವವನು ಅದರಲ್ಲಿ ಬಾಗಿ ಬರುತ್ತಾನೆ, ಬಾಗಿ ಬರುವುದರಿಂದ ಬಾಗಿಲೇ ಆಯಿತಲ್ಲ ಎಂದು ನಾನು ವಾದಿಸಿದ್ದೂ ಉಂಟು. ಹಾಲಪ್ಪನವರು ನನ್ನನ್ನು ಕರೆದು, ಸಿಟ್ಟಿಲ್ಲದೆ, “ಅಂದ್ರೆ, ನನ್ನ ಧ್ವನಿ ಕಛೇರಿ ಸ್ವತ್ತು ಕಣಯ್ಯಾ. ಸ್ವಂತಕ್ಕೆ ಬಳಸೋ ಹಾಗಿಲ್ಲ” ಅಂದರು. ಅವತ್ತಿನಿಂದ ಅವರ ಅನುಕರಣೆ ಬಂದ್.

ಆಗೆಲ್ಲ ಅಂದಾಜು ಪಟ್ಟಿಗಳನ್ನು ಕೈಯಲ್ಲೇ ಬರೆಯುತ್ತಿದ್ದೆವು, ಒಬ್ಬೊಬ್ಬರು ಒಂದೊಂದು ಥರ. ಇಟ್ಟಿಗೆ ಗೋಡೆ ಎಂದು ಒಬ್ಬ ಬರೆದರೆ, ಗೋಡೆ ಬ್ರಾಕೆಟ್ಟಿನಲ್ಲಿ ಇಟ್ಟಿಗೆ ಎಂದು ಇನ್ನೊಬ್ಬ, ‘ಮೊಳೆ ಹೊಡೆದರೆ ಉದುರುವಂಥದ್ದು’ ಎಂದು ಅನುಭವಸ್ಥನಾದ ಮತ್ತೊಬ್ಬ. ಒಂದೇ ಗೋಡೆಗೆ ಮೂರು ಹೆಸರು, ಮೂರು ದರ. ಕೊನೆಗೆ ಮೇಲಿನವರು ಇದೆಲ್ಲ ಸಾಕು ಎಂದು ಅಂದಾಜು ಹಾಕುವ ಒಂದು ಸಾಫ್ಟ್‌ವೇರ್ ಕಳಿಸಿದರು. ಅದಕ್ಕೊಂದು ಉದ್ದನೆಯ ಹೆಸರಿತ್ತು, ಊರಿನವರು ಅಂದಾಜಪ್ಪ ಎಂದು ಕರೆದು ಮುಗಿಸಿದರು. ಅಂದಾಜಪ್ಪನ ಜೊತೆಗೆ, ಅವನಿಗೆ ಬೇಕಾದ ಸಂಖ್ಯೆಗಳನ್ನೆಲ್ಲ ಒಪ್ಪವಾಗಿ ಜೋಡಿಸಿಕೊಡುವುದಕ್ಕೆ ಮಂದಾಕಿನಿ ಬಂದಳು. ಹೆಸರಿನಲ್ಲಿ ಮಂದ ಇತ್ತು, ಆಕೆಯಲ್ಲಿ ಇರಲಿಲ್ಲ. ಬಂದ ದಿನವೇ ನನ್ನ ಶ್ಲೇಷೆಯೊಂದನ್ನು ಕೇಳಿ, ನಗದೆ, ಅದರಲ್ಲಿ ಒಂದು ದೀರ್ಘ ತಪ್ಪಾಗಿದೆ ಎಂದು ತೋರಿಸಿಕೊಟ್ಟಳು. ನನಗೆ ಆಗಲೇ ಒಂದು ಥರ ಆಯಿತು.

ಮಂದಾಕಿನಿಯ ಪದ್ಧತಿ ಸರಳ. ಮನೆಯಲ್ಲಿರುವ ಪ್ರತಿಯೊಂದಕ್ಕೂ ಒಂದೇ ಒಂದು ಕೋಡ್, ಅದರಲ್ಲಿ ಆರು ಅಂಕಿ. ಮೊದಲ ಎರಡು ಅಂಕಿ ಮನೆತನ, ನಡುವಿನ ಎರಡು ಸಂಸಾರ, ಕೊನೆಯ ಎರಡು ಆಸಾಮಿ ಎಂದು ಆಕೆ ನಮಗೆ ತಿಳಿಯುವ ಹಾಗೆ ಹೇಳಿದಳು. ಮರಗೆಲಸ ಒಂದು ಮನೆತನ, ಅದರಲ್ಲಿ ಬಾಗಿಲುಗಳದ್ದೊಂದು ಸಂಸಾರ, ಆ ಸಂಸಾರದಲ್ಲಿ ತೇಗದ ಬಾಗಿಲು ಒಬ್ಬ ಆಸಾಮಿ. ಆಸಾಮಿಗಳಿಗೆ ಒಂದು, ಎರಡು, ಮೂರು ಎಂದು ಒತ್ತೊತ್ತಾಗಿ ಅಂಕಿ ಕೊಡದೆ ಹತ್ತು, ಇಪ್ಪತ್ತು, ಮೂವತ್ತು ಎಂದು ನಡುವೆ ಜಾಗ ಬಿಡುತ್ತಿದ್ದಳು, ನಾಳೆ ಹೊಸಬರು ಬಂದರೆ ನಡುವೆ ಸೇರಿಸಲು ಎಡೆ ಬೇಕಲ್ಲ. ಊರಿನವರ ಬಾಯಲ್ಲಿ ಕೋಡ್ ಹೋಗಿ ಎರಡೇ ದಿನಕ್ಕೆ ಕೋಡು ಆಯಿತು. ನಿಮ್ಮ ಬಾಗಿಲಿಗೆ ಕೋಡು ಬಂತೇ ಎಂದು ಕೇಳಿದರೆ, ಬಾಗಿಲಿಗೆ ನಿನ್ನೆ ಬಂತು, ನಮ್ಮ ಯಜಮಾನರಿಗೆ ಮೊದಲಿಂದಲೂ ಇದೆ ಎಂದು ಹೆಂಗಸರು ಉತ್ತರ ಹೇಳುತ್ತಿದ್ದರು.

ಹಳೆಯ ಓದುಗಳೆಲ್ಲ ರದ್ದಾಗಿದ್ದರಿಂದ ಪ್ರತಿಯೊಂದು ಮನೆಯನ್ನೂ ಹೊಸದಾಗಿ ಓದಬೇಕಾಗಿತ್ತು. ಅದಕ್ಕೆ ಹಾಲಪ್ಪನವರೇ ಒಂದೇ ಬೆರಳಿನಲ್ಲಿ ಕುಟ್ಟಿ ಒಂದು ಸೂಚನೆ ಹೊರಡಿಸಿದರು. ಆ ಬೆರಳಿಗೆ ಸ್ವರಗಳ ಬಗ್ಗೆ ತನ್ನದೇ ಅಭಿಪ್ರಾಯಗಳಿವೆ. ‘ಎಲ್ಲ ಮನೆಯವರೂ ತಮ್ಮ ಮನೆಯ ಎಲ್ಲ ಭಾಗಗಳಿಗೂ ತಪ್ಪದೆ ಕೂಡು ಪಡೆಯತಕ್ಕದ್ದು’ ಎಂದು ಬೀದಿಬೀದಿಯಲ್ಲಿ ಅಂಟಿಸಿ ಆಯಿತು. ನಮ್ಮ ಬಚ್ಚಲು ಯಾರ ಜೊತೆ ಕೂಡಬೇಕು ಸ್ವಾಮಿ ಎಂದು ಕೇಳಿಕೊಂಡು ಜನ ಕಛೇರಿಗೆ ಬಂದರು. ಮಂದಾಕಿನಿ ತಿದ್ದುಪಡಿ ಹಾಕೋಣ ಅಂದಳು. ಮೊಹರು ಬಿದ್ದ ಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡರೆ ಊರಿನ ಗೋಡೆಗಳಿಗೆ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ ಎಂದು ಹಾಲಪ್ಪನವರು ಒಪ್ಪಲಿಲ್ಲ. “ಅಂದ್ರೆ, ಸೂಚನೆ ಸುಳ್ಳಾಗ್ಬಾರ್ದು ನೋಡಮ್ಮಾ. ಅಂದಾಜಪ್ಪನ ಒಳಗೆ ಎಲ್ಲಾದ್ರೂ ಒಂದು ಕಡೆ ‘ಕೂಡು’ ಅಂತ ಇರ್ಲಿ” ಅಂದರು. ಆಕೆ ಪ್ರತಿ ಮನೆಯ ಪಟ್ಟಿಯ ಕೊನೆಯ ಸಾಲಿನಲ್ಲಿ ‘ಒಟ್ಟು’ ಎಂದಿದ್ದುದನ್ನು ಅಳಿಸಿ ‘ಕೂಡು’ ಎಂದು ಮಾಡಿದಳು. ಸೂಚನೆ ನಿಜವಾಯಿತು. ಹಾಲಪ್ಪನವರು ಅವತ್ತು ಎಲ್ಲರಿಗೂ ಬಾದಾಮಿ ಹಾಲು ತರಿಸಿದರು.

ಕೋಡು ಬಂದ ಹೊಸತರಲ್ಲಿ ಊರು ಅದಕ್ಕೆ ಹೊಂದಿಕೊಂಡ ಬಗೆ ನೋಡುವಂತಿತ್ತು. ಹತ್ತಕ್ಕೂ ಇಪ್ಪತ್ತಕ್ಕೂ ನಡುವೆ ಮಂದಾಕಿನಿ ಬಿಟ್ಟ ಜಾಗ ಮನೆಗಳಲ್ಲೂ ಕಾಣಿಸಿಕೊಂಡಿತು: ಬಾಗಿಲಿಗೂ ಅದರ ಪಕ್ಕದ ಬಾಗಿಲಿಗೂ ನಡುವೆ ಬೆರಳಗಲದ ಸಂದು. ಅದರಿಂದ ಗಾಳಿ ಬಂದು ಆ ಬೇಸಿಗೆಯಲ್ಲಿ ಯಾರೂ ಫ್ಯಾನು ಹಾಕಲಿಲ್ಲ. ಕಂಪೌಂಡರ್ ತಿಮ್ಮರಾಜುವಿನ ಬಚ್ಚಲಿನ ಚಿಲಕಕ್ಕೂ ಅಂಚೆ ಕಛೇರಿಯ ಬಾಗಿಲಿನ ಚಿಲಕಕ್ಕೂ ಹೇಗೋ ಒಂದೇ ಕೋಡು ಬಿದ್ದು, ಅವನು ಸ್ನಾನಕ್ಕೆ ಹೋದಾಗಲೆಲ್ಲ ಅಂಚೆ ಕಛೇರಿ ಮುಚ್ಚಿಕೊಳ್ಳತೊಡಗಿತು. ಕೋಡು ಸರಿಪಡಿಸುವವರೆಗೆ ಅಂಚೆ ಮಾಸ್ತರರೇ ಒಂದು ಸಾಬೂನು ಹಿಡಿದು ಅವನ ಮನೆಗೆ ಹೋಗಿ, ದಿನಾ ಮಧ್ಯಾಹ್ನ ಊಟವಾದ ಮೇಲೆ ನಿಧಾನವಾಗಿ ಮೀಯಬೇಕೆಂದೂ ತಮಗೆ ಒಂದು ನಿದ್ದೆಯಾಗುವವರೆಗೆ ಹೊರಗೆ ಬರಬಾರದೆಂದೂ ಕೇಳಿಕೊಂಡರಂತೆ. ತಿಮ್ಮರಾಜುವಿನ ಮೈಬಣ್ಣ ಇಷ್ಟು ತಿಳಿಯೆಂದು ಊರಿಗೆ ಗೊತ್ತಾದದ್ದು ಆಗಲೇ.

ಮಂದಾಕಿನಿ ತಂದ ಇನ್ನೊಂದು ಬದಲಾವಣೆಯೆಂದರೆ ‘ಇತರೆ’ ಎಂಬ ಮನೆತನವನ್ನು ಪೂರ್ತಿ ತೆಗೆದುಹಾಕಿದ್ದು. ನಾವು ತಲೆಬಿಸಿಯಾದಾಗೆಲ್ಲ ವಸ್ತುಗಳನ್ನು ಅದರೊಳಕ್ಕೆ ಎಸೆಯುತ್ತಿದ್ದೆವು. ‘ಇತರೆ’ ಎಂದು ಓದಿಸಿಕೊಂಡದ್ದು ಬೇಕಾದಾಗ ಇರುವುದಿಲ್ಲ, ಬೇಡವಾದಾಗ ಕಾಲಿಗೆ ತೊಡರುತ್ತದೆ. ಊರಿನಲ್ಲಿ ಎಷ್ಟೋ ಜನ ತಮ್ಮ ಮನೆಯ ಗೂಟಗಳನ್ನು ಹುಡುಕುತ್ತಾ ತಿರುಗುತ್ತಿದ್ದರು. ಇನ್ನು ಮುಂದೆ ಪ್ರತಿಯೊಂದಕ್ಕೂ ತನ್ನದೇ ಮನೆತನ ಇರಬೇಕು. ಅಂದಾಜಪ್ಪ ಯಾವ ವಸ್ತುವಿನ ಬಗ್ಗೆಯಾದರೂ ಮೊದಲು ಕೇಳುವ ಪ್ರಶ್ನೆ ಒಂದೇ: ಒಳಗೋ, ಹೊರಗೋ? ಅದಕ್ಕೆ ಉತ್ತರ ಕೊಡದೆ ಅವನು ಮುಂದಕ್ಕೆ ಹೋಗಲು ಬಿಡುವುದಿಲ್ಲ. ಎಲ್ಲವೂ ಸುಸೂತ್ರವಾಗಿ ನಡೆಯಿತು, ಅನಸೂಯಕ್ಕನ ಜಗಲಿ ಬರುವವರೆಗೆ.

ಅನಸೂಯಕ್ಕ ಕಛೇರಿಯ ಹಿಂದಿನ ಬೀದಿಯಲ್ಲಿ ಖಾನಾವಳಿ ನಡೆಸುತ್ತಾಳೆ. ಪಕ್ಕದ ಮನೆಯ ಪದ್ದಕ್ಕ ಆಕೆಯ ಒಡಹುಟ್ಟಿದ ಅಕ್ಕ. ಅಕ್ಕತಂಗಿಯರನ್ನು ಅಣ್ಣತಮ್ಮಂದಿರಿಗೆ ಕೊಟ್ಟು ತಂದದ್ದು, ಹಾಗಾಗಿ ವಾರಗಿತ್ತಿಯರೂ ಹೌದು. ಇಬ್ಬರ ತವರೂ ಬಡಗಣ ಸೀಮೆ, ಮಾತೂ ಆ ಕಡೆಯದು. ಒಮ್ಮೆ ಪದ್ದಕ್ಕ ನಾಲ್ಕು ಜನರ ಮುಂದೆ, ಅನಸೂಯಾ ಸಾರಿಗೆ ಬೆಲ್ಲ ಹಾಕುವುದು ನೋಡಿದರೆ ಅದು ಸಾರೋ ಪಾನಕವೋ ತಿಳಿಯುವುದಿಲ್ಲ ಅಂದಳು. ಅಲ್ಲಿಂದ ಮಾತಿಗೆ ಮಾತು ಬೆಳೆದು, ನಿನ್ನ ಮನೆಯ ಒಳಗೆ ಇನ್ನು ಕಾಲಿಡುವುದಿಲ್ಲ ಎಂದು ಅಕ್ಕ ಆಣೆ ಇಟ್ಟಳು. ಒಳಗೆ ಬರುವುದಿರಲಿ, ನನ್ನ ಮನೆಯ ಹೊರಗೂ ನಿಲ್ಲಬೇಡ ಎಂದು ತಂಗಿ ಮರು ಆಣೆ ಇಟ್ಟಳು. ಆಣೆ ಅಂದಮೇಲೆ ಆಣೆ. ಮಾರನೆಯ ಬೆಳಿಗ್ಗೆ ಪದ್ದಕ್ಕ ಮೊರದ ತುಂಬ ಅವರೆಕಾಯಿ ತುಂಬಿಕೊಂಡು ಬಂದು ತಂಗಿಯ ಜಗಲಿಯ ಆ ತುದಿಯಲ್ಲಿ ಕೂತಳು. ಜಗಲಿ ಒಳಗೂ ಅಲ್ಲ, ಹೊರಗೂ ಅಲ್ಲ. ಅನಸೂಯಕ್ಕ ಈ ತುದಿಯಲ್ಲಿ ಕೂತು ರೊಟ್ಟಿ ಹಿಟ್ಟು ಜರಡಿ ಹಿಡಿದಳು. ಅಂದಿನಿಂದ ದಿನವೂ ಹಾಗೆಯೇ, ಇಬ್ಬರ ನಡುವೆ ಊಟಕ್ಕೆ ಕಾಯುವ ನಾಲ್ಕೈದು ಜನ, ಇಬ್ಬರ ಬಾಯಲ್ಲೂ ಅದೇ ಬೆಲ್ಲದ ಜಗಳ. ಜಗಳಕ್ಕೂ ಹೊರೆ ಇಳಿಸಿ ಸುಧಾರಿಸಿಕೊಳ್ಳಲು ಒಂದು ಜಾಗ ಬೇಕು, ಅದಕ್ಕೇ ಜಗಲಿ ಇರುವುದು ಎಂದು ನಾನು ಹೇಳಿದರೆ ಇಬ್ಬರೂ ಒಟ್ಟಿಗೆ ನನ್ನನ್ನು ಬೈಯುತ್ತಿದ್ದರು.

ಆ ಜಗಲಿಗೆ ಕೋಡು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಒಳಗೋ, ಹೊರಗೋ ಎಂದು ಅಂದಾಜಪ್ಪ ಕೇಳಿದ. ಮನೆಗೆ ಹತ್ತಿಕೊಂಡೇ ಇದೆಯಲ್ಲ ಎಂದು ನಾನು ‘ಒಳಗೆ’ ಒತ್ತಿದೆ. ಹಾಲಪ್ಪನವರು ಹೋಗಿ ಓದಿದರು. ಜಗಲಿ ಮೆಲ್ಲಗೆ ಮನೆಯ ಕಡೆ ಸರಿದು, ತನ್ನ ಹೊರ ಅಂಚಿನಲ್ಲಿ ಒಂದು ಹೊಸ್ತಿಲನ್ನು ಎಬ್ಬಿಸಿಕೊಂಡಿತು. ಮುಂಬಾಗಿಲು ಜಿಗಿದು ಆ ಹೊಸ್ತಿಲಿನ ಮೇಲೆ ಬಂದು ನಿಂತಿತು. ಪದ್ದಕ್ಕ ಮೊರ ಹಿಡಿದು ಬಂದವಳು ಹೊಸ್ತಿಲನ್ನು ನೋಡಿದಳು, ಎತ್ತಿದ ಕಾಲನ್ನು ಇಳಿಸಿ ವಾಪಸು ಹೋದಳು. ಮರುದಿನ ‘ಹೊರಗೆ’ ಎಂದು ಬದಲಾಯಿಸಿದೆ. ಜಗಲಿ ಬೀದಿಯಾಯಿತು. ಅದರ ಮೇಲೆ ಸೈಕಲ್ಲುಗಳು ಬಂದು ನಿಂತವು, ಸೊಪ್ಪಿನ ಗಾಡಿಯವನು ಕೂಗುತ್ತಾ ಹಾದುಹೋದ, ಒಂದು ಎಮ್ಮೆ ತನ್ನ ಮನೆಯ ದಾರಿಯೆಂಬಂತೆ ನಡೆಯಿತು. ಹೊರಗೆ ನಿಲ್ಲಬಾರದೆಂದು ತಂಗಿಯ ಆಣೆ ಇದೆಯಲ್ಲ, ಪದ್ದಕ್ಕ ತನ್ನ ಬಾಗಿಲಲ್ಲೇ ನಿಂತು ಎಮ್ಮೆಯನ್ನು ನೋಡಿದಳು.

ಒಳಗೂ ಹೊರಗೂ ಓಡಾಡುವುದು ಯಾವುದು ಎಂದು ತಲೆ ಕೆರೆದುಕೊಂಡು ಆಮೇಲೆ ‘ಕುರ್ಚಿ ಬೆಂಚು’ಗಳ ಸಾಲಿಗೆ ಹಾಕಿದೆ. ಅದೇ ವಾರ ಕೆಳಗಿನ ಬೀದಿಯಲ್ಲಿ ಮದುವೆಯಿತ್ತು. ಬೆಂಚು ಸಾಲದೆ ಬಂದು, ಅನಸೂಯಕ್ಕನನ್ನು ಒಂದು ಮಾತು ಕೇಳಿ, ಜಗಲಿಯನ್ನು ಎಂಟು ಜನ ಹೊತ್ತುಕೊಂಡು ಹೋದರು. ಅದು ಬೀಗರೂಟ ಮುಗಿಸಿಕೊಂಡು, ಮೈತುಂಬ ಅರಿಸಿನ ಕುಂಕುಮ, ಮೂಲೆಯಲ್ಲಿ ಎಲೆಯಡಿಕೆಯ ಉಗುಳಿನ ಕೆಂಪು ಹೊತ್ತು ವಾಪಸು ಬಂತು. ಇಷ್ಟು ಖುಷಿಯಾಗಿ ಅದನ್ನು ನಾನು ಎಂದೂ ನೋಡಿರಲಿಲ್ಲ. ಆದರೆ ಇನ್ನೊಬ್ಬರ ಮನೆಯ ಬೆಂಚಿನ ಮೇಲೆ ಕರೆಯದೆ ಕೂರುವುದು ಹೇಗೆ ಎಂದು ಪದ್ದಕ್ಕ ಬರಲಿಲ್ಲ. ಕರೆಯಲು ಅನಸೂಯಕ್ಕನಿಗೆ ಬಾಯಿ ಬರಲಿಲ್ಲ. ಕೊನೆಗೆ ನನಗೊಂದು ಅತಿ ಬುದ್ಧಿವಂತಿಕೆಯ ಯೋಚನೆ ಹೊಳೆಯಿತು: ಒಳಗಿಗೂ ಹೊರಗಿಗೂ ನಡುವೆ ಇರುವುದು ಗೋಡೆ, ಆದ್ದರಿಂದ ಜಗಲಿಯೂ ಗೋಡೆಯೇ. ಹಾಲಪ್ಪನವರು ಓದುತ್ತಿದ್ದಂತೆ ಮಲಗಿದ್ದ ಜಗಲಿ ಎದ್ದು ನೆಟ್ಟಗೆ ನಿಂತು, ಖಾನಾವಳಿಯ ಬಾಗಿಲಿಗೆ ಅಡ್ಡವಾಯಿತು. ಊಟಕ್ಕೆ ಬಂದವರಿಗೆ ಅನಸೂಯಕ್ಕ ಒಳಗಿನಿಂದ ಸ್ಟೂಲು ಹತ್ತಿ ಗೋಡೆಯ ಮೇಲಿನಿಂದ ರೊಟ್ಟಿ ಇಳಿಬಿಡಬೇಕಾಯಿತು.

ಅಷ್ಟರಲ್ಲಿ ಮೇಲಿನವರಿಂದ ಆದೇಶ ಬಂತು, ಹೋಳಿಯ ಮಾರನೆಯ ದಿನ ಸಂಜೆ ಅಂದಾಜಪ್ಪನಿಗೆ ಬೀಗ. ಬೀಗ ಹಾಕಿದ ಮೇಲೆ ಬೀಗರೇ ಬಂದು ಕೇಳಿದರೂ ಒಂದು ಅಂಕಿಯನ್ನೂ ಅಲುಗಾಡಿಸುವ ಹಾಗಿಲ್ಲ. ಏನು ಏನಾಗಿದೆಯೋ ಅದು ಅದಾಗಿಯೇ ಉಳಿಯುತ್ತದೆ. ಅಂದರೆ ಆ ಜಗಲಿ ಎಂದೆಂದಿಗೂ ಗೋಡೆ, ಅಕ್ಕ ಅತ್ತ, ತಂಗಿ ಇತ್ತ. ಈ ನಡುವೆ ಇಬ್ಬರೂ ತಮ್ಮ ತಮ್ಮ ಮನೆಯೊಳಗಿನಿಂದಲೇ ಬೈದುಕೊಳ್ಳಲು ಪ್ರಯತ್ನಿಸಿದ್ದರು. ಆದರೆ ಗೋಡೆ ದಾಟಿಸಬೇಕಾದರೆ ಕೂಗಬೇಕು, ಕೂಗಿದರೆ ಅದು ನಿಜವಾದ ಜಗಳದ ಹಾಗೆ ಕೇಳಿಸುತ್ತಿತ್ತು, ಇಬ್ಬರಿಗೂ ಹೆದರಿಕೆಯಾಗಿ ನಿಲ್ಲಿಸಿದರು. ಅನಸೂಯಕ್ಕ ಸಾರಿಗೆ ಬೆಲ್ಲ ಹಾಕುವುದನ್ನೇ ಬಿಟ್ಟಳು. ಯಾಕೆಂದು ಕೇಳಿದ್ದಕ್ಕೆ, ಅನ್ನುವವರು ಇಲ್ಲದ ಮೇಲೆ ಹಾಕಿ ಏನು ಉಪಯೋಗ ಅಂದಳು.

ಬೀಗದ ದಿನ ಮಧ್ಯಾಹ್ನ ನಾನು ಊಟಕ್ಕೆ ಹೋದೆ. ಹೋಗುವ ಮನಸ್ಸಿರಲಿಲ್ಲ, ಹೊಟ್ಟೆ ಕೇಳಲಿಲ್ಲ. ಗೋಡೆಯ ಮೇಲೆ ಅನಸೂಯಕ್ಕನ ತಲೆ ಕಾಣಿಸಿತು. ರೊಟ್ಟಿಯ ತಟ್ಟೆ ಇಳಿಬಿಟ್ಟು, ಬಾವಿಯ ಹತ್ತಿರ ಬೋರಲು ಹಾಕಿದ್ದ ಕೊಳಗವನ್ನು ತೋರಿಸಿ, “ಅಲ್ಲೇ ಕೂಡು ತಮ್ಮ” ಅಂದಳು. ಅಷ್ಟು ಹೇಳಿದ್ದೇ ತಡ, ಪಕ್ಕದ ಮನೆಯ ಕಿಟಕಿಯಿಂದ ಪದ್ದಕ್ಕನ ಮಾತು ಬಂತು. ತಂಗಿಗೆ ಹೇಳಿದ್ದಲ್ಲ, ಅವರೆಕಾಯಿಗೆ ಹೇಳಿದ ಹಾಗೆ.

“ಎಲ್ಲೆ ಕೂಡಬೇಕು ಅವಾ? ಒಳಗ ಬರಂಗಿಲ್ಲ ಅಂತ ಒಬ್ಬಾಕಿ, ಹೊರಗ ನಿಂದ್ರಬ್ಯಾಡ ಅಂತ ಇನ್ನೊಬ್ಬಾಕಿ. ಕೂಡಾಕ ಇದ್ದದ್ದು ಒಂದ ಜಾಗಾ, ಅದನ್ನ ನಿಂದರಿಸಿ ಬಿಟ್ಟಾರ ಈ ಕಛೇರಿ ಮಂದಿ.”

ಗೋಡೆಯ ಮೇಲಿನ ತಲೆ ಆ ಕಿಟಕಿಯ ಕಡೆ ತಿರುಗಿ, “ಸುಮ್ನ ಕೂಡು ಅಕ್ಕಾ” ಅಂದಿತು. ಅಂದ ರೀತಿಯಲ್ಲಿ ಬೈಗುಳ ಇರಲಿಲ್ಲ.

ಅವರ ಸೀಮೆಯಲ್ಲಿ ಕೂತುಕೊಳ್ಳುವುದಕ್ಕೆ ಕೂಡುವುದು ಅನ್ನುತ್ತಾರೆ. ಇಷ್ಟು ವರ್ಷ ನಾನು ಅವರಿಬ್ಬರ ಹಾಗೆ ಮಾತಾಡಿ ಜನರನ್ನು ನಗಿಸಿದ್ದೆ, ಆ ಮಾತು ಸಾವಿರ ಸಲ ನನ್ನ ಬಾಯಿಂದಲೇ ಬಂದಿತ್ತು. ರೊಟ್ಟಿಯನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದುಕೊಂಡೇ ಕಛೇರಿಗೆ ಓಡಿದೆ, ಅರ್ಧಂಬರ್ಧ ಕಿಟಕಿಯಲ್ಲೇ ಬಾಗಿ ಒಳಗೆ ಬಿದ್ದೆ. ಮಂದಾಕಿನಿ ತಲೆಯೆತ್ತಿದಳು. ಕೊನೆಯ ಸಾಲು ತೆಗೆಯಿರಿ ಮೇಡಂ, ಅನಸೂಯಕ್ಕನ ಮನೆಯ ಪಟ್ಟಿಯ ಕೊನೆಯ ಸಾಲು ಎಂದೆ. ಆಕೆ ತೆಗೆದಳು. ‘ಕೂಡು’ ಎಂದಿತ್ತು. ಆ ಸಾಲಿಗೆ ಅಂದಾಜಪ್ಪ ಒಳಗೋ ಹೊರಗೋ ಎಂದು ಕೇಳುತ್ತಾನೆಯೇ ಎಂದು ಕೇಳಿದೆ. ಆಕೆ ಒಮ್ಮೆ ಒತ್ತಿ ನೋಡಿದಳು. ಕೇಳಲಿಲ್ಲ.

“ಅದು ವಸ್ತು ಅಲ್ಲ ಪುಂಡಲೀಕರೇ,” ಅಂದಳು. “ಮೇಲಿರೋದೆಲ್ಲ ಬಂದು ಸೇರೋ ಜಾಗ ಅಷ್ಟೇ.”

“ಜಗಲಿ ಮತ್ತಿನ್ನೇನು ಮೇಡಂ?”

ಆಕೆ ನನ್ನನ್ನು ನೋಡಿದಳು, ನನ್ನ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದಳು, ಆಮೇಲೆ ನಕ್ಕಳು. ನನ್ನ ಮಾತಿಗೆ ಆಕೆ ನಕ್ಕದ್ದು ಅದೇ ಮೊದಲು. ಆ ಮಾತಿನಲ್ಲಿ ನಾನು ಕಟ್ಟಿದ ಶ್ಲೇಷೆ ಒಂದೂ ಇರಲಿಲ್ಲ, ಇದ್ದದ್ದೆಲ್ಲ ಹಾಲಪ್ಪನವರ ಬೆರಳಿನದು ಎಂಬುದು ಬೇರೆ ಮಾತು. ಗೋಡೆಗಳ ಸಾಲಿನಿಂದ ಜಗಲಿಯನ್ನು ತೆಗೆದು ಕೂಡುವಿನ ಕೆಳಗೆ ಹಾಕಿದಳು. ಅಳತೆ ಯಾವುದರಲ್ಲಿ ಎಂದು ಅಂದಾಜಪ್ಪ ಕೇಳಿದ. ಚದರವೂ ಅಲ್ಲ, ಉದ್ದವೂ ಅಲ್ಲ ಎಂದು ಸ್ವಲ್ಪ ಯೋಚಿಸಿ ‘ಜನ’ ಎಂದು ಬರೆದಳು.

ಇನ್ನು ಓದುವುದೊಂದು ಬಾಕಿ. ಆದರೆ ಹಾಲಪ್ಪನವರು ಊರಿಡೀ ಓದಿ ಓದಿ, ಅವತ್ತು ಬೆಳಿಗ್ಗೆಯಿಂದ ಅವರ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಮೆಣಸಿನ ಕಷಾಯ ಕುಡಿದರೂ ಬಾಯಿಂದ ಗಾಳಿ ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ. ನಾವು ವಿಷಯ ಹೇಳಿದಾಗ ಅವರು ಮೊದಲು ಮಂದಾಕಿನಿಯನ್ನು, ಆಮೇಲೆ ಬಹಳ ಹೊತ್ತು ನನ್ನನ್ನು ನೋಡಿದರು. ಒಂದು ಚೀಟಿ ಎಳೆದುಕೊಂಡು ಬರೆದು ನನ್ನ ಕಡೆ ತಳ್ಳಿದರು. ‘ಅಂದ್ರೆ, ನೀನೇ ಓದು’ ಎಂದಿತ್ತು.

ನಾವು ಹೋಗುವಷ್ಟರಲ್ಲಿ ಬೀದಿಯ ಜನವೆಲ್ಲ ಸೇರಿತ್ತು, ಹಿಂದಿನ ದಿನದ ಹೋಳಿಯ ಬಣ್ಣ ಇನ್ನೂ ಯಾರ ಕಿವಿಯಿಂದಲೂ ಹೋಗಿರಲಿಲ್ಲ. ತಿಮ್ಮರಾಜು ಒಬ್ಬನೇ ಶುಭ್ರವಾಗಿದ್ದ. ನಾನು ಗೋಡೆಯಾಗಿ ನಿಂತಿದ್ದ ಜಗಲಿಯ ಎದುರು ನಿಂತು, ಹೊಟ್ಟೆ ಮುಂದೆ ಮಾಡಿ, ಗಲ್ಲ ಎದೆಗಿಳಿಸಿ, ಹಂಡೆಯ ಧ್ವನಿ ತೆಗೆದೆ: ಅಂದ್ರೆ, ಏನು ಅಂದ್ರೆ, ನೀನು ಅಂದ್ರೆ. ಜನ ಬಿದ್ದು ಬಿದ್ದು ನಕ್ಕರು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಹಾಲಪ್ಪನವರ ಅನುಕರಣೆಯನ್ನು ಎಂದೂ ಮಾಡಿರಲಿಲ್ಲ. ಕೋಡು ಓದಿ ಮುಗಿಸಿದೆ. ಜಗಲಿ ಒಂದು ಗೇಣು ವಾಲಿತು, ಅನುಮಾನಪಟ್ಟಿತು, ಮತ್ತೆ ನೆಟ್ಟಗಾಯಿತು. ನಗು ನಿಂತಿತು. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಓದಿದೆ. ಅದು ಅಲುಗಲೇ ಇಲ್ಲ. ಬಿಸಿಲು ಆಗಲೇ ಖಾನಾವಳಿಯ ಹೆಂಚಿನ ಅಂಚಿಗೆ ಇಳಿದಿತ್ತು. ಗೋಡೆಯ ಮೇಲಿದ್ದ ಅನಸೂಯಕ್ಕನ ಮುಖ ನನ್ನನ್ನು ನೋಡುತ್ತಿರಲಿಲ್ಲ, ಪಕ್ಕದ ಕಿಟಕಿಯನ್ನು ನೋಡುತ್ತಿತ್ತು.

ಏನು ತಪ್ಪುತ್ತಿದೆ ಎಂದು ಹಾಲಪ್ಪನವರನ್ನು ನೋಡಲು ತಿರುಗಿದೆ. ಅವರು ಗುಂಪಿನ ಹಿಂದೆ, ಯಾರ ಗಮನಕ್ಕೂ ಬಾರದ ಹಾಗೆ, ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ನಿಂತಿದ್ದರು. ಅಭ್ಯಾಸಬಲ. ಎಲ್ಲ ಮನೆಯಲ್ಲೂ, ಬಚ್ಚಲ ಕಲ್ಲಿನ ಎದುರಿಗೂ, ಅವರು ಚಪ್ಪಲಿ ಬಿಟ್ಟು, ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆಯೇ ಬಾಯಿ ತೆರೆಯುತ್ತಿದ್ದರು. ಆ ಸುಮ್ಮನಿರುವುದನ್ನು ನಾನು ಎಂದೂ ಅನುಕರಿಸಿರಲಿಲ್ಲ. ಅದರಲ್ಲಿ ನಗಿಸುವಂಥದ್ದು ಏನೂ ಇಲ್ಲವಲ್ಲ.

ನಾನು ಚಪ್ಪಲಿ ಬಿಟ್ಟೆ. ಮಣ್ಣು ಬಿಸಿಯಾಗಿತ್ತು. ಜಗಲಿಯ ಎದುರು ಸುಮ್ಮನೆ ನಿಂತೆ, ಅದು ಕೇಳಿಸಿಕೊಳ್ಳಲು ಸಿದ್ಧವಾಗಲಿ ಎಂದು. ಮದುವೆಮನೆಯ ಕುಂಕುಮ ಇನ್ನೂ ಅದರ ಮೂಲೆಯಲ್ಲಿತ್ತು. ಆಮೇಲೆ ಹಾಲಪ್ಪನವರ ಧ್ವನಿಯಲ್ಲಿ, ಯಾರನ್ನೂ ನಗಿಸದ ಹಾಗೆ, “ಅಂದ್ರೆ, ನೀನು ಕೂಡು” ಎಂದೆ.

ಜಗಲಿ ದೊಡ್ಡದೊಂದು ಉಸಿರು ಬಿಟ್ಟು, ದಣಿದ ಎತ್ತು ಮಂಡಿಯೂರಿದಂತೆ, ಮೆಲ್ಲಗೆ ಬೀದಿಯ ಕಡೆ ಮಲಗಿತು. ಖಾನಾವಳಿಯ ಬಾಗಿಲು ಕಂಡಿತು, ಸ್ಟೂಲಿನ ಮೇಲೆ ನಿಂತಿದ್ದ ಅನಸೂಯಕ್ಕ ಪೂರ್ತಿ ಕಂಡಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಎಲ್ಲರೂ ಕೂತಾಗಿತ್ತು. ಕರೆಯದೆಯೇ ಕಾಲು ಎಳೆದುಕೊಂಡು ಹೋಗಿ ಕೂರಿಸುವಂಥ ಜಗಲಿ ಅದು ಆಗ. ಒಬ್ಬೊಬ್ಬರು ಕೂತಂತೆ ಒಬ್ಬೊಬ್ಬರಷ್ಟೇ ಉದ್ದವಾಗುತ್ತಾ ಹೋಯಿತು. ಹಾಲಪ್ಪನವರು ನನ್ನ ಪಕ್ಕಕ್ಕೆ ಬಂದು, ಉಳಿದಿದ್ದ ಗಾಳಿಯಲ್ಲೇ ಕಿವಿಗೆ ಪಿಸುಗುಟ್ಟಿದರು. “ಅಂದ್ರೆ... ನನ್ನ ಧ್ವನಿ ಅಷ್ಟು ಚೆನ್ನಾಗಿದ್ಯೇನಯ್ಯಾ?” ಹೌದು ಸಾರ್ ಅಂದೆ. ಅವರೂ ಹೋಗಿ ಕೂತರು. ಬೀಗದ ಗುಂಡಿಯನ್ನು ಮಂದಾಕಿನಿ ಅಲ್ಲೇ, ಮಡಿಲ ಮೇಲಿನ ಲ್ಯಾಪ್‌ಟಾಪಿನಲ್ಲಿ, ಒತ್ತಿದಳು.

ಪದ್ದಕ್ಕ ಮೊರ ಹಿಡಿದು ಬಂದದ್ದು ಎಲ್ಲರಿಗಿಂತ ಕೊನೆಗೆ. ಹೊಸ್ತಿಲಿದೆಯೇ ಎಂದು ನೋಡಿದಳು, ಎಮ್ಮೆ ಬರುತ್ತದೆಯೇ ಎಂದು ನೋಡಿದಳು, ಆಮೇಲೆ ಆ ತುದಿಯಲ್ಲಿ, ತನ್ನ ಜಾಗದಲ್ಲಿ ಕೂತಳು. ಅನಸೂಯಕ್ಕ ಈ ತುದಿಯಲ್ಲಿ ಜರಡಿ ಹಿಡಿದಿದ್ದಳು. ಕೂಡು ಅಂದಮೇಲೆ ಬಿಡಿ ಲೆಕ್ಕಗಳು ಒಂದಕ್ಕೊಂದು ಹತ್ತಿರ ಬರಲೇಬೇಕು. ನಡುವೆ ಕೂತಿದ್ದ ನಾವೆಲ್ಲ ಎದ್ದು ಊಟಕ್ಕೆ ಮೊದಲು ಬಾವಿಯ ಹತ್ತಿರ ಕೈ ತೊಳೆದು ಬರುವಷ್ಟರಲ್ಲಿ ಜಗಲಿ ಎರಡೂ ತುದಿಯಿಂದ ಸದ್ದಿಲ್ಲದೆ ಒಳಕ್ಕೆ ಎಳೆದುಕೊಂಡಿತ್ತು. ಮೊರದ ಅಂಚು ಜರಡಿಯ ಅಂಚಿಗೆ ತಾಗಿ ಟಕ್ ಅಂದಿತು.

“ಯಾಕ ಇಷ್ಟ ಸನೇಕ ಬಂದಿ?” ಅಂದಳು ತಂಗಿ, ಹಿಟ್ಟಿನಿಂದ ತಲೆಯೆತ್ತದೆ.

“ನಾ ಎಲ್ಲೆ ಬಂದೆ? ಜಗಲಿ ಬಂತು,” ಅಂದಳು ಅಕ್ಕ. ನಾಲ್ಕು ಅವರೆಕಾಯಿ ಸುಲಿದಳು. “ಇವತ್ತಿನ ಸಾರಿಗೆ ಬೆಲ್ಲಾನ ಇಲ್ಲಂತ. ಕಹಿ ಬೇವು ಆಗೇದಂತ. ಮಂದಿ ಆಡಿಕೊಳ್ಳಾಕತ್ತಾರ.”

ಅನಸೂಯಕ್ಕ ಎದ್ದು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದ ಸದ್ದು ಬೀದಿಗೆಲ್ಲ ಕೇಳುವ ಹಾಗೆ ಕೇಳಿಸಿತು. ಪಾನಕ ಮಾಡ್ತಾಳ ನೋಡ್ರಿ ಈಗ ಎಂದು ಪದ್ದಕ್ಕ ಹಾಲಪ್ಪನವರಿಗೆ ದೂರು ಹೇಳಿದಳು, ಮುಖದ ತುಂಬ ನಗುತ್ತಾ.

ನಾನು ಮಂದಾಕಿನಿಯಿಂದ ಗೌರವಕ್ಕೆ ತಕ್ಕಷ್ಟು ದೂರ ಬಿಟ್ಟು ಕೂತಿದ್ದೆ, ಹತ್ತಕ್ಕೂ ಇಪ್ಪತ್ತಕ್ಕೂ ನಡುವೆ ಆಕೆಯೇ ಬಿಡುತ್ತಿದ್ದಷ್ಟು. ಸಾರಿನ ಘಮ ಬರುವ ಹೊತ್ತಿಗೆ ಆ ಜಾಗ ಇರಲಿಲ್ಲ. ಆಕೆ ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ, “ಏನ್ರೀ, ಸರೀತಾ ಇದೀರಾ?” ಅಂದಳು.

ಬರಿಗಾಲಿನಲ್ಲೇ ಕೂತಿದ್ದೆ. ಒಂದು ಕ್ಷಣ ಸುಮ್ಮನಿದ್ದೆ. ಆಮೇಲೆ ನನ್ನದೇ ಧ್ವನಿಯಲ್ಲಿ ಹೇಳಿದೆ, “ಅಂದ್ರೆ, ಜಗಲಿ ಸರೀತಾ ಇದೆ.”

“ಸರಿ ಹಾಗಾದ್ರೆ, ಸರೀಲಿ,” ಅಂದಳು ಮಂದಾಕಿನಿ. ಆ ಶ್ಲೇಷೆಯಲ್ಲಿ ಎಲ್ಲ ದೀರ್ಘಗಳೂ ಸರಿಯಾಗಿದ್ದವು.